ಸಣ್ಣ ಲೇತಿಗೆ ಕೂಲೆಂಟ್: ಯಾವ ದ್ರವ, ಎಂಥ ನೀರು, ಯಾವ ಟ್ಯಾಂಕ್

ಬೆಂಚ್ ಲೇತಿನಲ್ಲಿ ಒಂದೊಂದೇ ಪಾರ್ಟ್ ಮಾಡುವವರಿಗೆ ಒಂದು ಬ್ರಷ್, ಒಂದು ಡಬ್ಬಿ ಕಟಿಂಗ್ ಆಯಿಲ್ ಇದ್ದರೆ ಸಾಕು. ನನಗೂ ಇಷ್ಟು ದಿನ ಅದೇ ಸಾಕಾಗಿತ್ತು. ಈಗ ಕೈಗೆತ್ತಿಕೊಂಡಿರುವ ಕೆಲಸ ಬೇರೆ ಥರದ್ದು. ಒಂದೇ ಅಳತೆಯ ಬುಷ್‌ಗಳ ರಾಶಿ, ಅರ್ಧ ಎಂಎಸ್ (ಮೈಲ್ಡ್ ಸ್ಟೀಲ್), ಅರ್ಧ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಜೊತೆಗೆ ಬೇರಿಂಗ್ ಕೂರುವ ಅಲ್ಯೂಮಿನಿಯಂ ಹೌಸಿಂಗ್‌ಗಳು. ಒಂದರ ಹಿಂದೆ ಒಂದು ಕಟ್ ಕೊಡುತ್ತಾ ಹೋದರೆ ಜಾಬ್ (ಕತ್ತರಿಸುತ್ತಿರುವ ತುಂಡು) ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಬಿಸಿಯಲ್ಲಿ ಅಳೆದ ಸೈಜ್ ತಣ್ಣಗಾದ ಮೇಲೆ ಉಳಿಯುವುದಿಲ್ಲ.

ಇದೇನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಒಂದು ಮೀಟರ್ ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. 50 ಮಿ.ಮೀ. ಬೋರ್ (ಒಳಗಿನ ರಂಧ್ರ) 40 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ವ್ಯಾಸದಲ್ಲಿ 46 ಮೈಕ್ರಾನ್ ವ್ಯತ್ಯಾಸ ಬರುತ್ತದೆ. 50 ಎಚ್7 (ಎಚ್7 ಅಂದರೆ ರಂಧ್ರದ ಅಳತೆಗೆ ಇರುವ ಒಂದು ನಿಖರತೆ ದರ್ಜೆ) ಬೋರ್‌ಗೆ ಇರುವ ಟಾಲರೆನ್ಸ್, ಅಂದರೆ ಅಳತೆ ವ್ಯತ್ಯಾಸವಾಗಲು ಇರುವ ಮಿತಿ, ಒಟ್ಟು 25 ಮೈಕ್ರಾನ್ ಮಾತ್ರ. ಬಿಸಿಯಲ್ಲಿ ಸರಿಯಾಗಿ ಕಂಡ ಬೋರ್ ತಣ್ಣಗಾದಾಗ ಕುಗ್ಗಿರುತ್ತದೆ, ಬೇರಿಂಗ್ ಒಳಗೆ ಹೋಗುವುದಿಲ್ಲ. ಅದಕ್ಕೇ ಪಂಪ್ ಕೂರಿಸಿ, ಹರಿಯುವ ಕೂಲೆಂಟ್ ಮಾಡಿಕೊಳ್ಳೋಣ ಅಂತ ಹೊರಟೆ. ಟ್ಯಾಂಕ್, ಪಂಪ್, ಪೈಪ್ ಇವೆಲ್ಲ ಸುಲಭದ ಭಾಗ. ಅದರೊಳಗೆ ಏನು ಸುರಿಯಬೇಕು ಅನ್ನುವುದಕ್ಕೇ ಜಾಸ್ತಿ ಯೋಚನೆ ಬೇಕು.

ತಂಪು ಬೇಕಾ, ಜಿಡ್ಡು ಬೇಕಾ

ಲೋಹ ಕತ್ತರಿಸುವಾಗ ಬಿಸಿ ಮುಖ್ಯವಾಗಿ ಹುಟ್ಟುವುದು ಲೋಹ ಹರಿದು ಚಿಪ್ ಆಗುವ ಜಾಗದಲ್ಲಿ. ಆ ಚಿಪ್ ಟೂಲ್ ಮುಖದ ಮೇಲೆ ಉಜ್ಜಿಕೊಂಡು ಹೋಗುವಾಗ ಇನ್ನಷ್ಟು ಹುಟ್ಟುತ್ತದೆ. ಟೂಲ್‌ನ ತುದಿಯ ಕೆಳಭಾಗ ಜಾಬ್‌ಗೆ ತಿಕ್ಕುವಾಗ ಇನ್ನೊಂದಷ್ಟು. ಕಟಿಂಗ್ ಸ್ಪೀಡ್ ಜಾಸ್ತಿ ಇದ್ದಾಗ ದ್ರವಕ್ಕೆ ಚಿಪ್ ಮತ್ತು ಟೂಲ್ ನಡುವೆ ನುಗ್ಗಲು ಪುರುಸೊತ್ತೇ ಸಿಗುವುದಿಲ್ಲ. ಆಗ ಅದರ ಕೆಲಸ ಬಿಸಿಯನ್ನು ಹೊತ್ತೊಯ್ಯುವುದು, ಚಿಪ್ ತೊಳೆದು ಆಚೆ ಹಾಕುವುದು. ಟ್ಯಾಪಿಂಗ್, ರೀಮಿಂಗ್, ಥ್ರೆಡ್ ಕಟಿಂಗ್ ಥರದ ನಿಧಾನದ ಕೆಲಸದಲ್ಲಿ ಲೆಕ್ಕ ತಿರುಗಿ ಬೀಳುತ್ತದೆ. ಬಿಸಿ ಕಡಿಮೆ, ಒತ್ತಡ ಜಾಸ್ತಿ. ಅಲ್ಲಿ ಲೋಹಕ್ಕೆ ಲೋಹ ಅಂಟದಂತೆ ತಡೆಯುವ ಜಿಡ್ಡು ಬೇಕು.

ಬಿಸಿ ಹೊರುವುದರಲ್ಲಿ ನೀರಿಗೆ ಸಾಟಿ ಇಲ್ಲ. ಒಂದು ಕೆ.ಜಿ. ನೀರು ಒಂದು ಡಿಗ್ರಿ ಏರಲು 4.18 ಕಿಲೋಜೌಲ್ ಶಾಖ ಹೀರುತ್ತದೆ. ಮಿನರಲ್ ಆಯಿಲ್ ಹೀರುವುದು ಅದರ ಸುಮಾರು ಅರ್ಧ. ಅಮೆರಿಕದ ಮಿಡ್‌ವೇಲ್ ಸ್ಟೀಲ್ ಕಾರ್ಖಾನೆಯಲ್ಲಿ 1880ರ ದಶಕದಲ್ಲೇ ಫ್ರೆಡರಿಕ್ ಟೇಲರ್ ಇದನ್ನು ಪರೀಕ್ಷಿಸಿದ್ದ. ಟೂಲ್ ತುದಿಯ ಹತ್ತಿರ ಚಿಪ್ ಮೇಲೆ ಧಾರೆಯಾಗಿ ನೀರು ಬಿಟ್ಟ. ಕಟಿಂಗ್ ಸ್ಪೀಡ್ ಶೇ. 30ರಿಂದ 40ರಷ್ಟು ಏರಿಸಲು ಸಾಧ್ಯವಾಯಿತು. ಮಷಿನ್ ತುಕ್ಕು ಹಿಡಿಯದಿರಲಿ ಅಂತ ಆ ನೀರಿಗೆ ವಾಷಿಂಗ್ ಸೋಡಾ ಬೆರೆಸುತ್ತಿದ್ದರು. ಇವತ್ತಿನ ಕೂಲೆಂಟ್ ಕೂಡ ನೀರಿನ ತಂಪು ಇಟ್ಟುಕೊಂಡು ತುಕ್ಕು ತಡೆಯುವ ಇದೇ ಪ್ರಯತ್ನ. ಜೊತೆಗೆ ಸ್ವಲ್ಪ ಜಿಡ್ಡು ಸೇರಿದೆ, ಅಷ್ಟೇ.

ಹಾಗಾಗಿ ಒಂದೇ ದ್ರವದಲ್ಲಿ ಎಲ್ಲ ಮಾಡುವ ಆಸೆ ಮೊದಲೇ ಬಿಟ್ಟೆ. ಟರ್ನಿಂಗ್, ಬೋರಿಂಗ್, ಡ್ರಿಲ್ಲಿಂಗ್‌ಗೆ ನೀರು ಬೆರೆಸಿದ ಕೂಲೆಂಟ್. ಟ್ಯಾಪಿಂಗ್‌ಗೆ ಬೇರೆ ಡಬ್ಬಿಯಲ್ಲಿ ದಪ್ಪ ಕಟಿಂಗ್ ಆಯಿಲ್.

ನಾಲ್ಕು ಜಾತಿಯಲ್ಲಿ ಒಂದು

ಡಬ್ಬದ ಮೇಲೆ ಹೆಸರು ಎಷ್ಟೇ ಇರಲಿ, ಜಾತಿ ನಾಲ್ಕೇ. ನೀರು ಬೆರೆಸದೆ ಬಳಸುವ ನೀಟ್ ಕಟಿಂಗ್ ಆಯಿಲ್ ಮೊದಲನೆಯದು. ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಸೊಲ್ಯುಬಲ್ ಆಯಿಲ್ ಎರಡನೆಯದು. ಇದರಲ್ಲಿ ಎಣ್ಣೆ ನಿಜಕ್ಕೂ ಕರಗಿರುವುದಿಲ್ಲ. ಎಮಲ್ಸಿಫೈಯರ್ ಅದನ್ನು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಹಿಡಿದಿಟ್ಟಿರುತ್ತದೆ. ಸೆಮಿ ಸಿಂಥೆಟಿಕ್‌ನಲ್ಲಿ ಎಣ್ಣೆ ಕಡಿಮೆ, ಹನಿಗಳು ಇನ್ನೂ ಸಣ್ಣ. ಅದಕ್ಕೇ ಅರ್ಧ ಬೆಳಕು ಹಾಯುವಷ್ಟು ತಿಳಿಯಾಗಿ ಕಾಣುತ್ತದೆ. ಪೂರ್ತಿ ಸಿಂಥೆಟಿಕ್‌ನಲ್ಲಿ ಮಿನರಲ್ ಆಯಿಲ್ ಇರುವುದೇ ಇಲ್ಲ.

ನೀಟ್ ಆಯಿಲನ್ನು ಧಾರೆಯಾಗಿ ಹರಿಸುವುದು ನನ್ನ ತೆರೆದ ಲೇತಿಗೆ ಆಗದ ಮಾತು. ಬಿಸಿ ಚಿಪ್ ತಾಗಿದರೆ ಹೊಗೆ, ಜೋರು ಕಟ್ ಕೊಟ್ಟರೆ ಬೆಂಕಿಯ ಭಯ. ಪೂರ್ತಿ ಸಿಂಥೆಟಿಕ್ ಗ್ರೈಂಡಿಂಗ್‌ಗೆ ಬಹಳ ಚೆನ್ನ. ಆದರೆ ಅದು ಸ್ಲೈಡ್ (ಮಷಿನ್‌ನ ಸರಿಯುವ ಭಾಗ) ಮೇಲಿನ ಎಣ್ಣೆಯನ್ನೂ ತೊಳೆದು ಹಾಕುತ್ತದೆ, ಒಣಗಿದ ಮೇಲೆ ಜಿಡ್ಡಿನ ಪದರ ಬಿಡುವುದಿಲ್ಲ. ಹಳೇ ಮಾದರಿಯ ಬೆಡ್ ಇರುವ ಮಷಿನ್‌ಗೆ ನಾನು ಅದನ್ನು ಹಾಕಲಾರೆ. ಉಳಿದದ್ದು ಎರಡು. ಸೊಲ್ಯುಬಲ್ ಆಯಿಲ್‌ನಲ್ಲಿ ಜಿಡ್ಡು ಜಾಸ್ತಿ, ಮಷಿನ್‌ಗೂ ಒಳ್ಳೆಯದು. ಆದರೆ ಬಳಸದೆ ಬಿಟ್ಟರೆ ಬೇಗ ಕೆಟ್ಟು ನಾರುತ್ತದೆ. ನನ್ನ ಲೇತ್ ವಾರಗಟ್ಟಲೆ ಸುಮ್ನೆ ನಿಂತಿರುವುದೂ ಉಂಟು. ಅದಕ್ಕೆ ಸೆಮಿ ಸಿಂಥೆಟಿಕ್ ಆರಿಸಿದೆ. ಅದೂ ಅಲ್ಯೂಮಿನಿಯಂ, ಹಿತ್ತಾಳೆ ಎರಡಕ್ಕೂ ಆಗುತ್ತದೆ ಅಂತ ಡೇಟಾ ಶೀಟ್‌ನಲ್ಲಿ ಸ್ಪಷ್ಟವಾಗಿ ಬರೆದಿದ್ದನ್ನೇ. ದಿನವಿಡೀ ಓಡುವ ಮಷಿನ್ ಇದ್ದಿದ್ದರೆ ಸೊಲ್ಯುಬಲ್ ಆಯಿಲನ್ನೇ ತಗೊಳ್ಳುತ್ತಿದ್ದೆ.

ಲೋಹಕ್ಕೊಂದು ಸ್ವಭಾವ

ಅಲ್ಯೂಮಿನಿಯಂನ ತೊಂದರೆ ಅಂಟಿಕೊಳ್ಳುವುದು. ಡ್ರೈ ಕಟ್ ಕೊಟ್ಟ ಮೇಲೆ ಟೂಲ್ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಅಂಚಿನ ಮೇಲೆ ಬೆಳ್ಳಿ ಬಣ್ಣದ ಸಣ್ಣ ಗಂಟು ಕಾಣುತ್ತದೆ. ಜಾಬ್‌ನ ಲೋಹವೇ ಟೂಲ್‌ಗೆ ಬೆಸೆದುಕೊಂಡಿರುತ್ತದೆ. ಇದು ಬಿಲ್ಟ್ ಅಪ್ ಎಡ್ಜ್. ಆಮೇಲೆ ಕತ್ತರಿಸುವುದು ಟೂಲ್ ಅಲ್ಲ, ಆ ಗಂಟು. ಅದು ಬೆಳೆಯುತ್ತದೆ, ಒಡೆದು ಜಾಬ್ ಮೇಲೆ ಮೆತ್ತಿಕೊಳ್ಳುತ್ತದೆ, ಮತ್ತೆ ಬೆಳೆಯುತ್ತದೆ. ಮೇಲ್ಮೈ ಮೇಲೆ ಉಗುರು ಎಳೆದರೆ ತರಿತರಿ ಸಿಗುತ್ತದೆ, ಸೈಜ್ ಕೂಡ ಪೀಸ್‌ನಿಂದ ಪೀಸ್‌ಗೆ ಅಲುಗಾಡುತ್ತದೆ. ಹಿಂದಿನಿಂದಲೂ ಇದಕ್ಕೆ ಸೀಮೆಎಣ್ಣೆ ಬಳಸುತ್ತಾರೆ. ಅಂಟು ಬಿಡಿಸುವುದೇನೋ ನಿಜ. ಆದರೆ ಸೀಮೆಎಣ್ಣೆಯ ಫ್ಲಾಶ್ ಪಾಯಿಂಟ್ 38 ಡಿಗ್ರಿಯಷ್ಟು ಕಡಿಮೆ ಇರಬಹುದು. ಬ್ರಷ್‌ನಲ್ಲಿ ಒಂದೆರಡು ಹನಿ ಸರಿ, ಪಂಪ್‌ನಲ್ಲಿ ಹರಿಸುವ ವಸ್ತು ಅಲ್ಲವೇ ಅಲ್ಲ. ಹರಿಯುವ ಸೆಮಿ ಸಿಂಥೆಟಿಕ್‌ನಲ್ಲಿ ಗಂಟು ಬಹುಮಟ್ಟಿಗೆ ಮಾಯವಾಯಿತು. ಇನ್ನೊಂದು ಎಚ್ಚರಿಕೆ: ಕ್ಷಾರ ಜಾಸ್ತಿ ಇರುವ ಕೂಲೆಂಟ್ ಅಲ್ಯೂಮಿನಿಯಂ ಮೇಲೆ ಕಪ್ಪು ಕಲೆ ಬಿಡುತ್ತದೆ. ಮುಗಿದ ಪೀಸನ್ನು ರಾತ್ರಿಯಿಡೀ ಒದ್ದೆಯಾಗಿ ಬಿಡಬೇಡಿ, ತೊಳೆದು ಒರೆಸಿ.

304 ಸ್ಟೇನ್‌ಲೆಸ್‌ನ ಸ್ವಭಾವ ಬೇರೆ. ಟೂಲ್ ಕತ್ತರಿಸದೆ ಸುಮ್ನೆ ಉಜ್ಜಿದರೆ ಮೇಲ್ಪದರ ಗಟ್ಟಿಯಾಗಿಬಿಡುತ್ತದೆ, ಮುಂದಿನ ಕಟ್ ಆ ಗಟ್ಟಿ ಪದರದ ಮೇಲೆ ಬೀಳುತ್ತದೆ. ಶಾಖ ಹರಡುವ ಗುಣವೂ ಇದಕ್ಕೆ ಕಡಿಮೆ, ಬಿಸಿಯೆಲ್ಲ ಟೂಲ್ ತುದಿಯಲ್ಲೇ ಕೂರುತ್ತದೆ. ಕೂಲೆಂಟ್ ಎಷ್ಟೇ ಚೆನ್ನಾಗಿರಲಿ, ಫೀಡ್ (ಟೂಲ್ ಮುಂದೆ ಸರಿಯುವುದು) ಹಿಡಿದು ನಿಲ್ಲಿಸಿದರೆ ಉಪಯೋಗವಿಲ್ಲ. ಇದರಲ್ಲಿ ಟ್ಯಾಪ್ ಹೊಡೆಯಲು ಗಂಧಕ ಬೆರೆಸಿದ ಕಟಿಂಗ್ ಆಯಿಲ್‌ಗಿಂತ ಒಳ್ಳೆಯದನ್ನು ನಾನು ಬಳಸಿಲ್ಲ. ಒತ್ತಡ, ಬಿಸಿ ಎರಡೂ ಸೇರಿದ ಜಾಗದಲ್ಲಿ ಗಂಧಕ ಲೋಹದ ಜೊತೆ ಕೂಡಿ ತೆಳು ಪದರ ಕಟ್ಟುತ್ತದೆ. ಆ ಪದರವೇ ಟ್ಯಾಪ್ ಹಿಡಿದುಕೊಳ್ಳುವುದನ್ನು ತಡೆಯುತ್ತದೆ. ಇದೇ ಎಣ್ಣೆ ತಾಮ್ರ, ಹಿತ್ತಾಳೆಯನ್ನು ಕಪ್ಪಾಗಿಸುತ್ತದೆ, ಆ ಡಬ್ಬಿಯನ್ನು ಹಿತ್ತಾಳೆ ಕೆಲಸದ ಹತ್ತಿರ ತರಬಾರದು.

ಹಿತ್ತಾಳೆ ಒಣಗಿದ್ದೇ ಚೆನ್ನಾಗಿ ಕಟ್ ಆಗುತ್ತದೆ. ಬೀಡು ಕಬ್ಬಿಣವೂ ಅಷ್ಟೇ, ಅದರೊಳಗಿನ ಗ್ರಾಫೈಟೇ ಜಿಡ್ಡಿನ ಕೆಲಸ ಮಾಡುತ್ತದೆ. ಬೀಡಿನ ಪುಡಿಗೆ ಕೂಲೆಂಟ್ ಸೇರಿದರೆ ಕಪ್ಪು ರಾಡಿಯಾಗಿ ಸ್ಲೈಡ್ ಸಂದಿಯೊಳಗೆ ಇಳಿಯುತ್ತದೆ, ಬೆಡ್ ತೇಯುತ್ತದೆ. ಡ್ರೈ ಕಟ್ ಮಾಡಿ, ಪುಡಿಯನ್ನು ವ್ಯಾಕ್ಯೂಮ್‌ನಲ್ಲಿ ಎಳೆದುಕೊಳ್ಳಿ. ಮೆಗ್ನೀಷಿಯಂಗೆ ಮಾತ್ರ ನೀರಿನ ಕೂಲೆಂಟ್ ಹಾಕಲೇಬಾರದು. ಅದು ನೀರಿನಿಂದ ಹೈಡ್ರೋಜನ್ ಬಿಡಿಸುತ್ತದೆ. ಅದರ ಚಿಪ್‌ಗೆ ಬೆಂಕಿ ಹತ್ತಿದರೆ ನೀರು ಬೆಂಕಿಯನ್ನು ಹೆಚ್ಚಿಸುತ್ತದೆ.

ಕಾರ್ಬೈಡ್ ಟಿಪ್ ಬಳಸುವವರು ಒಂದು ನಿಯಮ ಇಟ್ಟುಕೊಳ್ಳಿ: ಹರಿಸಿದರೆ ನಿರಂತರ ಹರಿಸಿ, ಇಲ್ಲವೇ ಪೂರ್ತಿ ಡ್ರೈ. ಕೆಂಪಗೆ ಕಾದ ಟಿಪ್ ಮೇಲೆ ಆಗೊಮ್ಮೆ ಈಗೊಮ್ಮೆ ತಣ್ಣೀರು ಬಿದ್ದರೆ ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಬಾಟಲಿಯಿಂದ ಚಿಮುಕಿಸುವುದು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್‌ಗೆ ನಡೆದೀತು, ಕಾರ್ಬೈಡ್‌ಗೆ ನಡೆಯದು. ಮಿಲ್ಲಿಂಗ್‌ನಲ್ಲಿ ಹಲ್ಲು ಒಳಗೆ ಹೊರಗೆ ಆಗುತ್ತಲೇ ಇರುತ್ತದೆ. ಅಲ್ಲಿ ಸ್ಟೀಲ್‌ಗೆ ಕೋಟಿಂಗ್ ಇರುವ ಕಾರ್ಬೈಡ್ ಕಟರ್ ಹಾಕಿದ್ದರೆ ನಾನು ಬರೀ ಗಾಳಿ ಊದಿಸುತ್ತೇನೆ.

ಟ್ಯಾಂಕ್ ಮತ್ತು ಪಂಪ್

ಟ್ಯಾಂಕ್‌ಗೆ ಆರಿಸಿದ್ದು ಪ್ಲಾಸ್ಟಿಕ್ ಪೆಟ್ಟಿಗೆ, ಸುಮಾರು 30 ಲೀಟರ್ ಹಿಡಿಯುವಂಥದ್ದು. ತುಂಬುವುದು 20 ಲೀಟರ್. ಜಿಐ (ಸತು ಲೇಪಿಸಿದ ಕಬ್ಬಿಣ) ತಗಡಿನದ್ದು ಬೇಡ. ಕೂಲೆಂಟ್ ಕ್ಷಾರೀಯ, ತಗಡಿನ ಮೇಲಿನ ಸತುವನ್ನು ತಿನ್ನುತ್ತಾ ಹೋಗುತ್ತದೆ, ತಾನೂ ಕೆಡುತ್ತದೆ.

ಒಳಗೆ ಎರಡು ಅಡ್ಡ ಹಲಗೆ ನಿಲ್ಲಿಸಿ ಮೂರು ಕೋಣೆ ಮಾಡಿದೆ. ಮೊದಲ ಹಲಗೆ ತಳಕ್ಕೆ ಅಂಟಿದೆ, ಕೂಲೆಂಟ್ ಅದರ ಮೇಲಿನಿಂದ ಉಕ್ಕಿ ಹೋಗಬೇಕು. ಭಾರದ ಚಿಪ್, ಪುಡಿ ಇಲ್ಲೇ ತಳ ಸೇರುತ್ತದೆ. ಎರಡನೇ ಹಲಗೆ ತಳದಿಂದ 30 ಮಿ.ಮೀ. ಮೇಲೆ ನಿಂತಿದೆ, ಕೂಲೆಂಟ್ ಅದರ ಅಡಿಯಿಂದ ನುಸುಳಬೇಕು. ಮೇಲೆ ತೇಲುವ ಎಣ್ಣೆ ನಡುವಿನ ಕೋಣೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಪಂಪ್ ಇರುವುದು ಮೂರನೇ ಕೋಣೆಯಲ್ಲಿ. ಎರಡು ಹಲಗೆಗಳ ಈ ಮೇಲೆ ಕೆಳಗೆ ಆಟ ಇಷ್ಟು ಕೆಲಸ ಮಾಡುತ್ತದೆ ಅಂತ ನೋಡಿಯೇ ನಂಬಬೇಕು. ಮೂರನೇ ಕೋಣೆಯ ಮೇಲ್ಮೈ ಕನ್ನಡಿಯಷ್ಟು ಸ್ವಚ್ಛ, ನಡುವಿನದರ ಮೇಲೆ ಕಂದು ಎಣ್ಣೆಯ ಪದರ.

ಪಂಪ್ ಕೊಳ್ಳುವಾಗ ಡಬ್ಬದ ಮೇಲಿನ ದೊಡ್ಡ ಅಂಕಿ ನೋಡಿ ಮೋಸ ಹೋಗಬೇಡಿ. ಅದು ಎತ್ತರವೇ ಇಲ್ಲದಿದ್ದಾಗ ಸಿಗುವ ಹರಿವು. ಟ್ಯಾಂಕ್ ನೆಲದ ಮೇಲೆ, ನಾಜಲ್ ಒಂದೂಕಾಲು ಮೀಟರ್ ಎತ್ತರದಲ್ಲಿ. ಗರಿಷ್ಠ ಹೆಡ್ (ಪಂಪ್ ದ್ರವವನ್ನು ಎತ್ತಬಲ್ಲ ಎತ್ತರ) 1.2 ಮೀಟರ್ ಅಂತ ಬರೆದಿರುವ ಪಂಪ್ ಅಲ್ಲಿಗೆ ಒಂದು ಹನಿಯನ್ನೂ ತಲುಪಿಸದು. ನಾನು ಹಾಕಿದ್ದು 3 ಮೀಟರ್ ಹೆಡ್‌ನದ್ದು, ತುದಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ಸಿಗುತ್ತದೆ. 20 ಲೀಟರ್ ಒಂದು ಸುತ್ತು ಬರಲು ನಾಲ್ಕು ನಿಮಿಷ. ಚಿಪ್ ತಳ ಸೇರಲು, ಬಿಸಿ ಇಳಿಯಲು ಅಷ್ಟು ಹೊತ್ತಾದರೂ ಬೇಕು. ಮೇಲೆ ಹೋಗುವ ಪೈಪ್ 10 ಮಿ.ಮೀ. ಸಾಕು. ವಾಪಸ್ ಬರುವ ಪೈಪ್ ತನ್ನಷ್ಟಕ್ಕೇ ಇಳಿಯಬೇಕು, ಅದು 40 ಮಿ.ಮೀ. ಚಿಪ್ ಟ್ರೇಯ ತೂತಿನ ಮೇಲೆ ಜಾಲರಿ, ಅದರ ಪಕ್ಕ ಒಂದು ಆಯಸ್ಕಾಂತ. ಪಂಪ್‌ನ ವೈರ್ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಮೂಲಕವೇ ಹೋಗಿದೆ. ನೀರು, ಕರೆಂಟ್, ಒದ್ದೆ ಕೈ ಒಟ್ಟಿಗೆ ಇರುವ ಜಾಗದಲ್ಲಿ ಇದರ ಬಗ್ಗೆ ಎರಡು ಮಾತಿಲ್ಲ.

ನಾಜಲ್ ಎರಡು. ಒಂದು ಮೇಲಿನಿಂದ, ಚಿಪ್ ಟೂಲ್ ಬಿಟ್ಟು ಏಳುವ ಜಾಗಕ್ಕೆ. ಇನ್ನೊಂದು ಕೆಳಗಿನಿಂದ, ಟೂಲ್ ಮತ್ತು ಜಾಬ್ ನಡುವಿನ ಸಂದಿಗೆ. ಮೇಲಿನದನ್ನು ದೊಡ್ಡ ಚಿಪ್ ಒಮ್ಮೊಮ್ಮೆ ಅಡ್ಡ ನಿಂತು ತಡೆಯುತ್ತದೆ, ಆಗ ಕೆಳಗಿನದು ಕಾಪಾಡುತ್ತದೆ. ಜೋರು ಬೇಡ, ಪ್ರಮಾಣ ಬೇಕು. ಚಕ್ ತಿರುಗುವಾಗ ಕೂಲೆಂಟ್ ಎರಚುವುದಂತೂ ಖಂಡಿತ. ಹಿಂದೆ ಮುಂದೆ ತಡೆಹಲಗೆ ಹಾಕಿದ ಮೇಲೇ ಮೊದಲ ಸಲ ಪಂಪ್ ಆನ್ ಮಾಡಿದೆ.

ನೀರು, ಅಳತೆ, ಫಿಲ್ಟರ್ ಪೇಪರ್

ಕೂಲೆಂಟ್‌ನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಇರುವುದು ನೀರು, ಅಲ್ವಾ? ಆದರೂ ಎಣ್ಣೆಯ ಬಗ್ಗೆ ಕೇಳುವಷ್ಟು ಜನ ನೀರಿನ ಬಗ್ಗೆ ಕೇಳುವುದಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಎಮಲ್ಸಿಫೈಯರ್ ಜೊತೆ ಕೂಡಿ ಬೂದು ಕೆನೆ ಕಟ್ಟುತ್ತದೆ, ಎಣ್ಣೆ ಬೇರ್ಪಡುತ್ತದೆ. ತೀರಾ ಮೆದು ನೀರಾದರೆ ನೊರೆ. ಗಡಸುತನ 100 ಪಿಪಿಎಂ ಆಸುಪಾಸಿನಲ್ಲಿದ್ದರೆ ಎರಡರ ಕಾಟವೂ ಕಡಿಮೆ. ನಲ್ಲಿ ನೀರಿಗೆ ಆರ್‌ಒ ನೀರು ಬೆರೆಸಿ, ಟೆಸ್ಟ್ ಸ್ಟ್ರಿಪ್ ಅದ್ದಿ ನೋಡುತ್ತಾ ಅಷ್ಟಕ್ಕೆ ತಂದೆ. ಉಪ್ಪು ಹಾಕುವ ವಾಟರ್ ಸಾಫ್ಟ್‌ನರ್ ನೀರು ಇದಕ್ಕೆ ಬದಲಿ ಅಲ್ಲ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಇಡುತ್ತದೆ, ತುಕ್ಕು ಹಿಡಿಸುವ ಕ್ಲೋರೈಡ್ ಹಾಗೇ ಉಳಿಯುತ್ತದೆ.

ಬೆರೆಸುವಾಗ ಮೊದಲು ನೀರು, ಆಮೇಲೆ ಎಣ್ಣೆ (ಡಬ್ಬದಲ್ಲಿ ಬರುವ ಗಟ್ಟಿ ಕೂಲೆಂಟನ್ನೇ ಇಲ್ಲಿ ಎಣ್ಣೆ ಅನ್ನುತ್ತಿದ್ದೇನೆ). ತಿರುಗಿಸುತ್ತಾ ಸಣ್ಣ ಧಾರೆಯಾಗಿ ಬಿಡಬೇಕು. ಎಣ್ಣೆಗೆ ನೀರು ಸುರಿದರೆ ಎಮಲ್ಶನ್ ತಿರುಗಾಮುರುಗಾ ಆಗುತ್ತದೆ, ಎಣ್ಣೆಯೊಳಗೆ ನೀರಿನ ಹನಿ ಸಿಕ್ಕಿಕೊಂಡು ಗಟ್ಟಿ ಮುದ್ದೆಯಾಗುತ್ತದೆ. ಶೇ. 8 ಬೇಕಿತ್ತು, ಒಟ್ಟು 20 ಲೀಟರ್‌ಗೆ 1.6 ಲೀಟರ್ ಎಣ್ಣೆ.

ಅಳೆಯಲು ರಿಫ್ರಾಕ್ಟೋಮೀಟರ್ ಬೇಕು, ಬೆಳಕು ಬಾಗುವುದನ್ನು ನೋಡಿ ದ್ರವದ ಸಾಂದ್ರತೆ ಹೇಳುವ ಉಪಕರಣ. ಬೆರೆಸಲು ಬಳಸಿದ ಅದೇ ನೀರಿನ ಒಂದು ಹನಿ ಇಟ್ಟು ಸೊನ್ನೆಗೆ ಹೊಂದಿಸಿ, ಆಮೇಲೆ ಕೂಲೆಂಟ್ ಹನಿ ಇಡಿ. ಅದರಲ್ಲಿ ಕಾಣುವ ಬ್ರಿಕ್ಸ್ (ಆ ಉಪಕರಣದ ಅಳತೆಮಾನ) ಅಂಕಿ ನೇರವಾಗಿ ಕೂಲೆಂಟ್‌ನ ಶೇಕಡಾ ಅಲ್ಲ. ಪ್ರತಿ ಕೂಲೆಂಟ್‌ಗೂ ಒಂದು ಫ್ಯಾಕ್ಟರ್ ಇರುತ್ತದೆ, ಅದರಿಂದ ಗುಣಿಸಬೇಕು. ಫ್ಯಾಕ್ಟರ್ 1.6 ಇರುವ ಕೂಲೆಂಟ್ 5 ಬ್ರಿಕ್ಸ್ ತೋರಿಸಿದರೆ ಅದು ಶೇ. 8.

ಶೇ. 8 ಯಾಕೆ, 4 ಯಾಕಾಗಬಾರದು? ಇದಕ್ಕೆ ಕೈಯಲ್ಲೇ ಮಾಡಬಹುದಾದ ಒಂದು ಒಳ್ಳೆಯ ಪರೀಕ್ಷೆ ಇದೆ, ಜರ್ಮನಿಯ ಡಿನ್ 51360 ಮಾನದಂಡದ ಎರಡನೇ ಭಾಗದ್ದು. ಬೀಡಿನ ಚಿಪ್‌ಗಳನ್ನು ಎಣ್ಣೆ ಪಸೆ ಹೋಗುವಂತೆ ತೊಳೆದು ಒಣಗಿಸಿ. ಮುಚ್ಚಳದ ತಟ್ಟೆಯಲ್ಲಿ ಫಿಲ್ಟರ್ ಪೇಪರ್ ಇಟ್ಟು, ಅದರ ಮೇಲೆ 2 ಗ್ರಾಂ ಚಿಪ್ ಹರಡಿ, 2 ಮಿಲಿ ಲೀಟರ್ ಕೂಲೆಂಟ್ ಹಾಕಿ. ಎರಡು ಗಂಟೆ ಬಿಟ್ಟು ಚಿಪ್ ತೊಳೆದು ಪೇಪರ್ ನೋಡಿ. ಶೇ. 2ರ ಪೇಪರ್ ಮೇಲೆ ಪ್ರತಿ ಚಿಪ್ ಕೂತ ಜಾಗದಲ್ಲೂ ಕಿತ್ತಳೆ ಕಲೆ, ಅದರ ಆಕಾರವೇ ಅಚ್ಚು ಬಿದ್ದ ಹಾಗೆ. 3ರಲ್ಲಿ ಅಂಚಿನಲ್ಲಿ ಚುಕ್ಕಿಗಳು. 5ರಲ್ಲಿ ಪೇಪರ್ ಬಿಳಿ. ನನ್ನ ನೀರಿಗೆ, ನನ್ನ ಕೂಲೆಂಟ್‌ಗೆ 5 ಅಂದರೆ ಅಂಚು. ಹಿಡಿತದಲ್ಲಿ ಇರಲಿ ಅಂತ 8ಕ್ಕೆ ನಿಂತೆ. ಬೇರೆ ನೀರಿನಲ್ಲಿ ಈ ಅಂಕಿ ಬೇರೆಯೇ ಬರಬಹುದು, ಅದಕ್ಕೇ ನೀವೂ ಮಾಡಿ ನೋಡಿ ಅನ್ನುತ್ತಿದ್ದೇನೆ.

ನಿಂತ ಮಷಿನ್‌ನ ಕೂಲೆಂಟ್

ಆವಿಯಾಗುವುದು ನೀರು ಮಾತ್ರ. ಎಣ್ಣೆ ಉಳಿದು ದ್ರವ ಗಟ್ಟಿಯಾಗುತ್ತಾ ಹೋಗುತ್ತದೆ, ಜಾಬ್‌ಗೆ ಅಂಟಿ ಹೋಗುವುದರಲ್ಲಿ ಎರಡೂ ಹೋಗುತ್ತವೆ. ಹಾಗಾಗಿ ಟಾಪ್ ಅಪ್ ಮಾಡುವಾಗ ಅಂದಾಜು ಸಾಲದು. ಟ್ಯಾಂಕ್‌ನಲ್ಲಿ 16 ಲೀಟರ್ ಉಳಿದಿದೆ, ಅಳತೆ ಶೇ. 9.5 ಅನ್ನುತ್ತಿದೆ ಅಂದುಕೊಳ್ಳಿ. ಒಳಗಿರುವ ಎಣ್ಣೆ 1.52 ಲೀಟರ್. ಬೇಕಾದದ್ದು 1.6. ಕೊರತೆ 80 ಮಿಲಿ ಲೀಟರ್. ಅಂದರೆ ಸೇರಿಸುವ 4 ಲೀಟರ್ ಶೇ. 2ರ ಮಿಶ್ರಣ ಆಗಿರಬೇಕು. ಟಾಪ್ ಅಪ್‌ಗೆ ಆರ್‌ಒ ನೀರೇ ಬಳಸಿ. ನಲ್ಲಿ ನೀರಿನ ಲವಣ ಆವಿಯಾಗದೆ ಪ್ರತಿ ಸಲವೂ ಸೇರಿಕೊಳ್ಳುತ್ತಾ ಹೋಗುತ್ತದೆ.

ಇನ್ನು ವಾಸನೆ. ರಜೆ ಮುಗಿಸಿ ಬಂದು ಮಷಿನ್ ಆನ್ ಮಾಡಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್. ಸ್ಲೈಡ್‌ನಿಂದ ಸೋರಿದ ಎಣ್ಣೆ ಟ್ಯಾಂಕ್ ಮೇಲೆ ಪದರ ಕಟ್ಟಿ ಗಾಳಿ ತಡೆಯುತ್ತದೆ. ಗಾಳಿ ಇಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾ ಕೆಳಗೆ ಬೆಳೆದು ಈ ಅನಿಲ ಬಿಡುತ್ತದೆ. ನನ್ನ ಪರಿಹಾರ ಸರಳ. ನಡುವಿನ ಕೋಣೆಯ ಎಣ್ಣೆಯನ್ನು ವಾರಕ್ಕೊಮ್ಮೆ ಹೀರಿ ತೆಗೆಯುತ್ತೇನೆ. ಮೀನಿನ ತೊಟ್ಟಿಯ ಏರ್ ಪಂಪ್ ಒಂದನ್ನು ಟೈಮರ್ ಹಾಕಿ ಮೂರನೇ ಕೋಣೆಯಲ್ಲಿ ಇಟ್ಟಿದ್ದೇನೆ. ಪಿಎಚ್ ಪಟ್ಟಿ ಅದ್ದಿ ನೋಡುತ್ತೇನೆ. 9ರ ಆಸುಪಾಸು ಇದ್ದರೆ ಸರಿ. 8.5ಕ್ಕಿಂತ ಕೆಳಗೆ ಜಾರಲು ಶುರುವಾದರೆ ಬ್ಯಾಕ್ಟೀರಿಯಾ ಗೆಲ್ಲುತ್ತಿದೆ ಅಂತ ಅರ್ಥ, ತುಕ್ಕು ಹಿಂದೆಯೇ ಬರುತ್ತದೆ. ವಾಸನೆಗೆ ಬ್ಲೀಚ್ ಸುರಿಯಬೇಡಿ. ಕ್ಲೋರೈಡ್ ಸೇರಿ ತುಕ್ಕು ಜಾಸ್ತಿಯಾಗುತ್ತದೆ.

ಮೈ ಬಗ್ಗೆಯೂ ಜಾಗ್ರತೆ ಬೇಕು. ಗಂಟೆಗಟ್ಟಲೆ ಕೂಲೆಂಟ್‌ನಲ್ಲಿ ನೆನೆದ ಕೈಗೆ ಚರ್ಮದ ಉರಿ, ಬಿರುಕು ಬರುತ್ತದೆ. ತಿರುಗುವ ಚಕ್ ಮುಂದೆ ಗ್ಲೌಸ್ ಹಾಕುವುದು ಅದಕ್ಕಿಂತ ದೊಡ್ಡ ಅಪಾಯ. ಬ್ಯಾರಿಯರ್ ಕ್ರೀಮ್ ಹಚ್ಚಿ, ಕೆಲಸ ನಿಂತಾಗಲೆಲ್ಲ ಸೋಪಿನಲ್ಲಿ ಕೈ ತೊಳೆಯುವುದು ಸರಿಯಾದ ದಾರಿ. ತೆಳುವಾದ ಮಂಜಿನಂತೆ ಸಿಂಪಡಿಸುವ ಮಿಸ್ಟ್ ಕೂಲಿಂಗ್ ಕಡೆ ನಾನು ಹೋಗಲಿಲ್ಲ. ಮುಚ್ಚಿದ ಕೋಣೆಯಲ್ಲಿ ಆ ಮಂಜು ಶ್ವಾಸಕ್ಕೆ ಹೋಗುತ್ತದೆ. ಅಮೆರಿಕದ ಕೆಲಸದ ಸುರಕ್ಷತಾ ಸಂಸ್ಥೆ ನಿಯೋಶ್ 1998ರಲ್ಲಿ ಸೂಚಿಸಿದ ಮಿತಿ ಒಂದು ಘನ ಮೀಟರ್ ಗಾಳಿಗೆ ಒಟ್ಟು 0.5 ಮಿಲಿಗ್ರಾಂ. ಕಣ್ಣಿಗೆ ಮಂಜು ಕಾಣುವ ಕೋಣೆಯಲ್ಲಿ ಆ ಮಿತಿಯ ಮೇಲೆ ನನಗೆ ಭರವಸೆ ಇಲ್ಲ.

ಕೂಲೆಂಟ್ ಪೂರ್ತಿ ಬದಲಿಸುವ ದಿನ ಬಂದಾಗ ಹಳೆಯದನ್ನು ಚರಂಡಿಗೋ ಮಣ್ಣಿಗೋ ಸುರಿಯುವಂತಿಲ್ಲ. ಎಣ್ಣೆಯ ಜೊತೆ ಕರಗಿದ ಲೋಹವೂ ಅದರಲ್ಲಿರುತ್ತದೆ. ಮುಚ್ಚಳವಿರುವ ಕ್ಯಾನ್‌ಗೆ ತುಂಬಿ, ಹೆಸರು ಬರೆದು, ಕೈಗಾರಿಕಾ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಬೇಕು. ಖಾಲಿ ಮಾಡುವ ಮುಂಚೆಯೇ ಸಿಸ್ಟಂ ಕ್ಲೀನರ್ ಸೇರಿಸಿ ಕೆಲವು ಗಂಟೆ ಪಂಪ್ ಓಡಿಸಿ. ಪೈಪ್ ಒಳಗಿನ ಲೋಳೆ ಉಳಿದರೆ ಹೊಸ ಕೂಲೆಂಟ್ ಬೇಗನೆ ನಾರಲು ಶುರು. ಕೊನೆಗೆ ತೊಳೆಯುವುದು ಬರೀ ನೀರಿನಲ್ಲಿ ಬೇಡ. ಶೇ. 1 ಅಥವಾ 2ರ ಹೊಸ ಕೂಲೆಂಟ್‌ನಲ್ಲಿ ಒಂದು ಸುತ್ತು ಓಡಿಸಿ ಖಾಲಿ ಮಾಡಿ. ಹೀಗೆ ಮಾಡಿದರೆ ತೊಳೆಯುವ ಹೊತ್ತಿನಲ್ಲಿ ಬೆಡ್‌ಗೆ ತುಕ್ಕು ಹತ್ತುವುದಿಲ್ಲ.